ಹಾಸಿಗೆ ಕೊಳ್ಳುವವರಿಗೆ

ಬೆನ್ನಿಗೆ ಆಧಾರವನ್ನು ನೀಡುವ, ಬಹುಪಾಲು ಮಣ್ಣಿಗೇ ಮರಳುವ ಗಟ್ಟಿ ಹಾಸಿಗೆಯೊಂದನ್ನು ಮಿತವಾದ ಬೆಲೆಗೆ ಕೊಳ್ಳಬಯಸುವ ಗೃಹಸ್ಥರು, ಅಂಗಡಿಯ ಮೆತ್ತನೆಯ ಫೋಮಿನ ಆಕರ್ಷಣೆಗೆ ಒಳಗಾಗುವ ಮುನ್ನ, ತಿಪಟೂರು ಅರಸೀಕೆರೆಗಳ ಸೀಮೆಯಲ್ಲಿ ರಾಶಿರಾಶಿಯಾಗಿ ಬೀಳುವ ತೆಂಗಿನ ಸಿಪ್ಪೆಯನ್ನು ಒಮ್ಮೆ ಸ್ಮರಿಸಬೇಕೆಂದು ನನ್ನ ವಿನಂತಿ. ಅಂಥ ಸಿಪ್ಪೆಯಿಂದ ಬಿಡಿಸಿದ ನಾರನ್ನು ಸುರುಳಿಗೊಳಿಸಿ, ರಬ್ಬರ್ ಮರದ ಹಾಲನ್ನು ಸಿಂಪಡಿಸಿ, ಒತ್ತಿ, ಶಾಖದಿಂದ ಹದಗೊಳಿಸಿದಾಗ ದೊರೆಯುವುದೇ ನಾರಿನ ಹಾಸಿಗೆ. ಎಳೆಗಳ ನಡುವೆ ಗಾಳಿಯಾಡುವುದರಿಂದ ನಮ್ಮ ಬೇಸಗೆಗೆ ಅದು ಬಹಳ ಹಿತಕರ.

ಆದರೆ ದಪ್ಪವನ್ನು ಮಾತ್ರ ಕಂಡು ಮರುಳಾಗದಿರಿ. ಬಾಳಿಕೆಯನ್ನು ಬಹುಮಟ್ಟಿಗೆ ನಿರ್ಣಯಿಸುವುದು ಸಾಂದ್ರತೆ, ಅಂದರೆ ಘನಮೀಟರಿಗೆ ಇಷ್ಟು ಕಿಲೋ ಎಂಬ ಲೆಕ್ಕ. ಸಾಂದ್ರತೆ ಸಾಲದ 6 ಅಂಗುಲದ ಹಾಸಿಗೆಗಿಂತ ಒತ್ತಾಗಿ ತುಂಬಿದ 4 ಅಂಗುಲದ್ದು ಹೆಚ್ಚು ಕಾಲ ಕುಸಿಯದೆ ನಿಲ್ಲುವುದುಂಟು. ಹೊದಿಕೆಯ ಜಿಪ್ಪನ್ನು ತೆರೆಸಿ ಒಳಗೆ ನಾರೆಷ್ಟು, ಫೋಮೆಷ್ಟು ಎಂಬುದನ್ನು ಕಣ್ಣಾರೆ ಕಂಡು, ಸಂಕೋಚವನ್ನು ತೊರೆದು, ಅಲ್ಲಿಯೇ ಹತ್ತು ನಿಮಿಷ ಮಗ್ಗುಲಾಗಿ ಮಲಗಿ ನೋಡಿರಿ. ಹೆಗಲು ಒತ್ತಿ ನೋಯುವಂತಿದ್ದರೆ ಆ ಗಟ್ಟಿತನ ನಿಮಗೆ ಸಲ್ಲದು. ಮನೆಗೆ ತಂದ ಮೇಲೆ, ತೇವವು ನಾರಿಗೆ ಶತ್ರುವಾದುದರಿಂದ, ಹಲಗೆಗಳ ನಡುವೆ ಸಂದಿಯಿರುವ ಮಂಚದ ಮೇಲೆ ಹಾಸಿ ಆಗಾಗ ತಿರುವಿಹಾಕಿರಿ. ಮಡಚಿಡುವುದು ಮಾತ್ರ ಬೇಡ. ನಾರಿನ ಬಂಧ ಸಡಿಲವಾದೀತು.