ದೂರದಿಂದ ವಾಕ್ ಪರೀಕ್ಷೆ: ಗ್ರಾಮ ಪಂಚಾಯತಿಯ ಪಾತ್ರ

ಎರಡು ವರ್ಷ ತುಂಬಿದರೂ ಎರಡು ಪದಗಳನ್ನು ಕೂಡಿಸಿ ನುಡಿಯದ ಮಗುವಿನ ಬಗ್ಗೆ, "ಇಂದಲ್ಲ ನಾಳೆ ಮಾತು ಬರುತ್ತದೆ" ಎಂದು ಮನೆಯವರು ಕಾಯುವುದುಂಟು. ಭಾಷೆ ತ್ವರಿತವಾಗಿ ಬೆಳೆಯುವ ವರ್ಷಗಳು ಈ ಕಾಯುವಿಕೆಯಲ್ಲಿ ಕಳೆದುಹೋಗುತ್ತವೆ. ವಾಕ್ ಮತ್ತು ಭಾಷಾ ನ್ಯೂನತೆಯು ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಲ್ಲಿ ಗುರುತಿಸಲಾದ 21 ನ್ಯೂನತೆಗಳಲ್ಲಿ ಒಂದು. ವಾಕ್ ಚಿಕಿತ್ಸಕರು ಬಹುಪಾಲು ನಗರಗಳಲ್ಲಿರುವುದರಿಂದ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕೇಂದ್ರಗಳು ವಿಡಿಯೊ ಕರೆಯ ಮೂಲಕವೂ ಸೇವೆ ನೀಡುತ್ತವೆ. ಈ ಪರೀಕ್ಷೆ ಸರಿಯಾಗುವುದು ತಜ್ಞರಿಂದ ಮಾತ್ರವಲ್ಲ. ಮಗು ಕುಳಿತಿರುವ ಕೋಣೆಯಿಂದಲೂ ಹೌದು.

ಧ್ವನಿ ಎಲ್ಲಿ ಕಳೆದುಹೋಗುತ್ತದೆ?

ಹಳೆಯ ಬಗೆಯ ದೂರವಾಣಿ ಕರೆಯು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತದೆ. 'ಸ'ಕಾರದ ಧ್ವನಿಶಕ್ತಿಯ ಬಹುಭಾಗವಿರುವುದು 4,000 ಹರ್ಟ್ಸ್‌ಗೂ ಮೇಲೆ. ವಿಡಿಯೊ ಕರೆಯ ವ್ಯಾಪ್ತಿ ಇದಕ್ಕಿಂತ ಹೆಚ್ಚಿದ್ದರೂ, ಗದ್ದಲ ತಗ್ಗಿಸುವ ತಂತ್ರಾಂಶವು ಫ್ಯಾನಿನ ಸದ್ದಿನೊಡನೆ ಮೆಲುವಾದ ವ್ಯಂಜನಗಳನ್ನೂ ಅಳಿಸಬಹುದು. ಹೀಗಾಗಿ ಮಗು ಸರಿಯಾಗಿ ನುಡಿದದ್ದು ತಪ್ಪಾಗಿ ಕೇಳಿಸಬಹುದು. ನಿಜವಾದ ದೋಷ ಮರೆಯಾಗಲೂಬಹುದು. ಸಂಪರ್ಕ ಕಡಿದು ಕಡಿದು ಬಂದರೆ ನೆಟ್‌ವರ್ಕಿನ ತಡೆಯೂ ಉಗ್ಗಿನಂತೆ ತೋರಬಹುದು.

ಮಾಡಬೇಕಾದ ವ್ಯವಸ್ಥೆ

1. ಗ್ರಂಥಾಲಯ ಅಥವಾ ಪಂಚಾಯತಿ ಕಚೇರಿಯ ಒಂದು ಸಣ್ಣ ಕೋಣೆಯನ್ನು ನಿಗದಿತ ವೇಳೆಗೆ ಬಿಟ್ಟುಕೊಡುವುದು. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ನೆಲಕ್ಕೆ ಜಮಖಾನ ಹಾಸಿದರೆ ಪ್ರತಿಧ್ವನಿ ತಗ್ಗುತ್ತದೆ.
2. ತುಟಿ, ನಾಲಿಗೆ ಕಾಣುವಂತೆ ಬೆಳಕು ಮಗುವಿನ ಮುಖದ ಮೇಲೆ ಬೀಳಬೇಕು; ಬೆನ್ನ ಹಿಂದಿನಿಂದ ಬರಬಾರದು.
3. ಕರೆಯ ಜೊತೆಗೆ ಇನ್ನೊಂದು ಮೊಬೈಲಿನಲ್ಲಿ ಮಾತನ್ನು ದಾಖಲಿಸಿ, ಆ ಕಡತವನ್ನು ತಜ್ಞರಿಗೆ ಕಳುಹಿಸುವುದು. ನೆಟ್‌ವರ್ಕಿನ ದೋಷ ಇದರಲ್ಲಿ ಇರುವುದಿಲ್ಲ.
4. ತಾಯಿ ಅಥವಾ ಪೋಷಕರು ಜೊತೆಗಿರಬೇಕು. ಉತ್ತರವನ್ನು ಮಗುವಿಗೆ ಹೇಳಿಕೊಡಬಾರದು.
5. ಪೋಷಕರ ಒಪ್ಪಿಗೆಯಿಲ್ಲದೆ ದಾಖಲಿಸಬಾರದು. ದಾಖಲೆಯನ್ನು ಯಾವುದೇ ವಾಟ್ಸಾಪ್ ಗುಂಪಿಗೆ ಹಾಕಬಾರದು.

ಮನೆಮಾತಿನ ಮಾಹಿತಿ

ಮನೆಯಲ್ಲಿ ಆಡುವ ಭಾಷೆ ಲಂಬಾಣಿಯೋ, ಉರ್ದುವೋ, ತುಳುವೋ ಎಂಬುದನ್ನು ತಜ್ಞರಿಗೆ ಮೊದಲೇ ತಿಳಿಸಬೇಕು. 'ಹಾಲು' ಎಂಬುದನ್ನು ಊರಿನವರೇ 'ಆಲು' ಎನ್ನುವಲ್ಲಿ ಮಗುವೂ ಹಾಗೆಂದರೆ ಅದು ಆಡುನುಡಿ, ನ್ಯೂನತೆಯಲ್ಲ. ಇದನ್ನು ಹೇಳಬಲ್ಲವರು ಸ್ಥಳೀಯರೇ.

ಮಿತಿಗಳು

ಮಾತು ತಡವಾದ ಮಗುವಿಗೆ ಶ್ರವಣ ಪರೀಕ್ಷೆಯೂ ಅಗತ್ಯ. ಅದಕ್ಕೆ ಆಸ್ಪತ್ರೆಗೆ ಕರೆದೊಯ್ಯಬೇಕು. ವಯಸ್ಕರಲ್ಲಿ ಮಾತು ಹಠಾತ್ತನೆ ತೊದಲಿದರೆ ಅಥವಾ ನಿಂತರೆ ಅದು ಪಾರ್ಶ್ವವಾಯುವಿನ ಲಕ್ಷಣವಾಗಿರಬಹುದು. ಅಂಥವರನ್ನು ವಿಡಿಯೊ ಕರೆಗಾಗಿ ಕಾಯಿಸದೆ 108 ವಾಹನದಲ್ಲಿ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ಸಭೆಯಲ್ಲಿ ಚರ್ಚೆಗೆ

ತಮ್ಮ ವಾರ್ಡಿನಲ್ಲಿ ಮಾತು ತಡವಾದ ಮಕ್ಕಳು ಎಷ್ಟಿದ್ದಾರೆ? ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂಗನವಾಡಿ ಕಾರ್ಯಕರ್ತೆಯರು ಮತ್ತು ಆಶಾ ಕಾರ್ಯಕರ್ತೆಯರ ಬಳಿ ಇರುವ ಪಟ್ಟಿಗಳು ತಾಳೆಯಾಗುತ್ತವೆಯೇ? ವಾರಕ್ಕೊಮ್ಮೆ ಒಂದು ಗಂಟೆ ನಿಶ್ಶಬ್ದವಾಗಿರಬಲ್ಲ ಕೋಣೆ ಯಾವುದು? ಈ ಮೂರು ಪ್ರಶ್ನೆಗಳಿಗೆ ಮುಂದಿನ ಸಾಮಾನ್ಯ ಸಭೆಯಲ್ಲಿ ಉತ್ತರ ಕಂಡುಕೊಂಡು ನಡವಳಿಯಲ್ಲಿ ದಾಖಲಿಸುವುದು ಸೂಕ್ತ.