ಔಷಧಿ ಹೊಡೆಯುವ ಮುನ್ನ ಒಂದು ಮಾತು



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಆದರೂ ಕೊಳವೆ ಬಾವಿಯನ್ನು ನಂಬಿ ಟೊಮ್ಯಾಟೊ, ಹೂವು, ತರಕಾರಿ, ಹಿಪ್ಪುನೇರಳೆಗಳನ್ನೂ, ಮಳೆಯನ್ನು ನಂಬಿ ಮಾವನ್ನೂ ಬೆಳೆದು ಹೆಸರು ಮಾಡಿದ ರೈತರು ಇಲ್ಲಿದ್ದಾರೆ. ಈ ಬೆಳೆಗಳೆಲ್ಲ ಕೈಕೆಲಸವನ್ನು ಬೇಡುತ್ತವೆ. ಕಳೆ ತೆಗೆಯುವುದು, ಕೊಂಬೆ ಸವರುವುದು, ಔಷಧಿ ಹೊಡೆಯುವುದು, ಕಾಯಿ ಬಿಡಿಸುವುದು ಇವುಗಳಲ್ಲಿ ಬಹುಪಾಲು ಕೂಲಿಯವರಿಂದಲೇ ಆಗುತ್ತದೆ. ಬೆಳೆಗೆ ಎಷ್ಟು ಮಿಲಿ ಔಷಧಿ ಹಾಕಬೇಕೆಂದು ನಾವು ವಿಚಾರಿಸುತ್ತೇವೆ. ಆ ಔಷಧಿಯನ್ನು ಬೆನ್ನ ಮೇಲೆ ಹೊರುವವನ ಬಗ್ಗೆ ವಿಚಾರಿಸುವುದು ಕಡಿಮೆ. ಅನೇಕ ಅಪಘಾತಗಳೂ ಅನೇಕ ಜಗಳಗಳೂ ಹುಟ್ಟುವುದು ಇಲ್ಲಿಯೇ.

ಬದುವಿನ ಮೇಲಿನ ಜಗಳ

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಟೊಮ್ಯಾಟೊ ಕಾಯಿ ಕಟ್ಟಿದೆ. ಎರಡು ದಿನದಿಂದ ಮೋಡ ಕವಿದಿದೆ. ಅಂಗಮಾರಿ ಬಿದ್ದರೆ ಹಾಕಿದ ಸಾಲವೆಲ್ಲ ಮಣ್ಣುಪಾಲು ಎಂಬ ಆತಂಕ ಯಜಮಾನನಿಗೆ. ರೋಗದ ಔಷಧಿಯ ಜೊತೆಗೆ ಹುಳುವಿನ ಔಷಧಿಯನ್ನೂ ಕಲಸಿ ಇಟ್ಟಿದ್ದಾನೆ. ಕೂಲಿಯಾಳು ಬಂದು ನಿಲ್ಲುತ್ತಾನೆ.

“ಅಣ್ಣಾ, ಈ ಟ್ಯಾಂಕು ಸೋರ್ತಾ ಐತೆ. ನಿನ್ನೆಯಿಂದ ತಲೆನೋವು. ಇವತ್ತು ನಾನು ಹೊಡೆಯಲ್ಲ.”

“ನಿನ್ನೆ ಎಂಟು ಟ್ಯಾಂಕು ಹೊಡೆದೆಯಲ್ಲಪ್ಪ, ಏನಾಯ್ತು? ಕೂಲಿ ಜಾಸ್ತಿ ಬೇಕಾದರೆ ಬಾಯಿ ಬಿಟ್ಟು ಹೇಳು.”

ಮಾತಿಗೆ ಮಾತು ಬೆಳೆಯುತ್ತದೆ. ಆಳು ಟ್ಯಾಂಕನ್ನು ಅಲ್ಲೇ ಇಟ್ಟು ಹೋಗುತ್ತಾನೆ. ಇಲ್ಲವೇ ಕೂಲಿ ತಪ್ಪೀತೆಂಬ ಭಯದಿಂದ ಬಾಯಿ ಮುಚ್ಚಿಕೊಂಡು ಬೆನ್ನಿಗೇರಿಸುತ್ತಾನೆ. ಮೊದಲನೆಯದರಿಂದ ಬೆಳೆಗೆ ನಷ್ಟ, ಎರಡನೆಯದರಿಂದ ಜೀವಕ್ಕೆ ಅಪಾಯ.

‘ನಿನ್ನೆ ಏನೂ ಆಗಲಿಲ್ಲ’ ಎಂಬುದು ಸಾಕ್ಷಿಯಲ್ಲ

ಯಜಮಾನನ ಪ್ರಶ್ನೆ ಸಹಜವಾದುದು, ಆದರೆ ತಪ್ಪು. ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು ನಮ್ಮ ನರಗಳ ಕೆಲಸಕ್ಕೆ ಬೇಕಾದ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ತಡೆಯುತ್ತವೆ. ತಡೆಯಲ್ಪಟ್ಟ ಕಿಣ್ವ ಒಂದು ರಾತ್ರಿಯ ನಿದ್ರೆಯಿಂದ ಪೂರ್ತಿ ಸರಿಹೋಗುವುದಿಲ್ಲ. ಅದಕ್ಕೆ ದಿನಗಳು, ವಾರಗಳು ಬೇಕು. ಅಷ್ಟರೊಳಗೆ ಮತ್ತೆ ಮತ್ತೆ ಹೊಡೆದರೆ ನಿನ್ನೆ ತಡೆದುಕೊಂಡ ದೇಹ ಇಂದು ಸ್ವಲ್ಪಕ್ಕೇ ಕುಸಿಯಬಹುದು. ವಿಷ ಮೂಗು, ಬಾಯಿಗಳಿಂದ ಮಾತ್ರ ಒಳಹೋಗುತ್ತದೆಂದು ತಿಳಿಯಬಾರದು. ಸಿಂಪರಣೆ ಮಾಡುವವರ ಮೈಗೆ ಅದು ಹೆಚ್ಚಾಗಿ ಸೇರುವುದು ಚರ್ಮದ ಮೂಲಕ. ಸೋರುವ ಟ್ಯಾಂಕಿನಿಂದ ಒದ್ದೆಯಾದ ಅಂಗಿ ಗಂಟೆಗಟ್ಟಲೆ ಬೆನ್ನಿಗಂಟಿಕೊಂಡಿದ್ದರೆ ಅದು ವಿಷದ ಪಟ್ಟಿ ಕಟ್ಟಿದಂತೆಯೇ ಸರಿ.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಹತ್ತಿ ಹೊಲಗಳಲ್ಲಿ ಔಷಧಿ ಹೊಡೆದ ನೂರಾರು ಜನ ಆಸ್ಪತ್ರೆ ಸೇರಿದರು. 20ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ರೈತರೂ ಇದ್ದರು, ಕೂಲಿಕಾರರೂ ಇದ್ದರು. ಎತ್ತರಕ್ಕೆ ಬೆಳೆದ ಪೈರು, ಹಲವು ಔಷಧಿಗಳ ಬೆರಕೆ, ಬರಿಮೈ ಸಿಂಪರಣೆ ಎಲ್ಲವೂ ಅಲ್ಲಿ ಸೇರಿದ್ದವು. ನಮ್ಮ ಕೋಲು ಕಟ್ಟಿದ ಟೊಮ್ಯಾಟೊ ಸಾಲುಗಳಲ್ಲಿಯೂ ಗಿಡ ಎದೆಮಟ್ಟಕ್ಕೆ ಬರುತ್ತದೆಂಬುದನ್ನು ಮರೆಯಬಾರದು. ಮಾಲೂರಿನ ಕಡೆಯ ಪಾಲಿಹೌಸುಗಳಲ್ಲಂತೂ ಗಾಳಿಯಾಡುವುದಿಲ್ಲ, ಸೆಖೆಯೂ ಹೆಚ್ಚು.

ನಮ್ಮ ಜಿಲ್ಲೆಗೆ ಅಪಾಯದ ಕೆಲಸ ಹೊಸದಲ್ಲ. 2001ರಲ್ಲಿ ಮುಚ್ಚಿದ ಕೆ.ಜಿ.ಎಫ್. ಚಿನ್ನದ ಗಣಿಯಲ್ಲಿ ಬಂಡೆ ಸಿಡಿದರೆ ಊರಿಗೇ ತಿಳಿಯುತ್ತಿತ್ತು. ತೋಟದ ಅಪಾಯಕ್ಕೆ ಸದ್ದಿಲ್ಲ. ಕೆಲಸಗಾರನ ಬಾಯಿಂದ ಬರುವ ‘ತಲೆನೋವು’ ಎಂಬ ಮಾತೇ ಇಲ್ಲಿ ಮೊದಲ ಎಚ್ಚರಿಕೆ. ಅದನ್ನು ಸೋಮಾರಿತನವೆಂದೋ ಉದ್ಧಟತನವೆಂದೋ ತಳ್ಳಿಹಾಕಬಾರದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2001ರಲ್ಲಿ ಕೃಷಿ ಕೆಲಸದ ಸುರಕ್ಷತೆಗಾಗಿ ಅಂಗೀಕರಿಸಿದ 184ನೆಯ ಒಡಂಬಡಿಕೆಯೂ ಇದನ್ನೇ ಹೇಳುತ್ತದೆ: ತಕ್ಷಣದ ಗಂಭೀರ ಅಪಾಯವಿದೆ ಎಂದು ನಂಬಲು ಕಾರಣವಿದ್ದರೆ ಕೆಲಸಗಾರನು ಆ ಕೆಲಸದಿಂದ ದೂರ ಸರಿಯಬಹುದು, ಅದಕ್ಕಾಗಿ ಅವನಿಗೆ ತೊಂದರೆ ಕೊಡಬಾರದು.

ಹೊಣೆ ಯಾರದು?

ಶ್ರೀನಿವಾಸಪುರದ ಮಾವಿನ ತೋಟಗಳಲ್ಲಿ ಈ ಪ್ರಶ್ನೆ ಇನ್ನೂ ಜಟಿಲ. ಎಷ್ಟೋ ತೋಟಗಳನ್ನು ಹೂವು, ಹೀಚಿನ ಹಂತದಲ್ಲಿಯೇ ವ್ಯಾಪಾರಿಗೆ ಗುತ್ತಿಗೆ ಕೊಡುವುದುಂಟು. ಜಿಗಿಹುಳುವಿಗೂ ಬೂದಿರೋಗಕ್ಕೂ ಔಷಧಿ ತರುವವನು ಗುತ್ತಿಗೆದಾರ, ಆಳು ಕರೆತರುವವನು ಮೇಸ್ತ್ರಿ, ಜಮೀನು ರೈತನದು. ಆಳು ಬಿದ್ದ ದಿನ ಮೂವರೂ ಒಬ್ಬರತ್ತ ಒಬ್ಬರು ಕೈ ತೋರಿಸುತ್ತಾರೆ. 1971ರ ಕೀಟನಾಶಕ ನಿಯಮಗಳಲ್ಲಿ, ತಯಾರಿಕೆಯಿಂದ ಹಿಡಿದು ಸಿಂಪರಣೆಯವರೆಗೆ ಔಷಧಿಯನ್ನು ಮುಟ್ಟುವ ಎಲ್ಲರಿಗೂ ತಕ್ಕ ರಕ್ಷಣಾ ಉಡುಪು ಇರತಕ್ಕದ್ದೆಂದು ಹೇಳಿದೆ. ಅದನ್ನು ಕೊಡುವವರು ಯಾರೆಂಬುದನ್ನು ಗುತ್ತಿಗೆಯ ಮಾತು ಆಡುವ ದಿನವೇ ತೀರ್ಮಾನಿಸಿ, ಎರಡು ಸಾಲು ಬರೆದಿಡುವುದು ಲೇಸು.

ಕೂಲಿ ಗೊತ್ತುಮಾಡುವಾಗಲೇ ಇತ್ಯರ್ಥವಾಗಬೇಕಾದ ಅಂಶಗಳು

1. ಔಷಧಿಯ ಹೆಸರು ಮತ್ತು ಡಬ್ಬಿಯ ಮೇಲಿನ ಬಣ್ಣ. ಕೆಂಪು ತ್ರಿಕೋನ ಅತಿ ತೀವ್ರ ವಿಷ, ಹಳದಿ ತೀವ್ರ ವಿಷ, ನೀಲಿ ಮಧ್ಯಮ, ಹಸಿರು ಕಡಿಮೆ ವಿಷ. ಹಸಿರು ಎಂದರೆ ನಿರಪಾಯ ಎಂದರ್ಥವಲ್ಲ. ಓದು ಬಾರದವರಿಗೆ ಬಣ್ಣವನ್ನು ತೋರಿಸಿ ಹೇಳಬೇಕು.

2. ಕೈಗವಸು, ಬೂಟು, ಕನ್ನಡಕ, ಮುಖಕವಚ, ತುಂಬುತೋಳಿನ ಅಂಗಿ ಕೊಡುವವರು ಯಾರು? ಬಾಯಿಗೆ ಕಟ್ಟಿದ ಟವೆಲು ವಿಷದ ಆವಿಯನ್ನು ತಡೆಯುವುದಿಲ್ಲ.

3. ದಿನಕ್ಕೆ ಎಷ್ಟು ಹೊತ್ತು? ಟ್ಯಾಂಕಿನ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಆಳು ಬಿಸಿಲು, ಗಾಳಿ ನೋಡದೆ ಹೊಡೆಯುತ್ತಾನೆ. ಗಂಟೆಯ ಲೆಕ್ಕವೇ ಉತ್ತಮ.

4. ಗಾಳಿ ಎದ್ದು ಕೆಲಸ ನಿಂತರೆ ಅರ್ಧ ಕೂಲಿಯೋ, ಬೇರೆ ಕೆಲಸವೋ?

5. ಅಸ್ವಸ್ಥರಾದರೆ ಆಸ್ಪತ್ರೆಗೆ ಕರೆದೊಯ್ಯುವವರು ಯಾರು, ಖರ್ಚು ಯಾರದು?

6. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು ಮಕ್ಕಳನ್ನು ಈ ಕೆಲಸಕ್ಕೆ ಹಚ್ಚಕೂಡದು.

ಸಿಂಪರಣೆಯ ದಿನ

ಮೊದಲು ಟ್ಯಾಂಕಿಗೆ ಬರಿಯ ನೀರು ತುಂಬಿ ಸೋರಿಕೆ ಪರೀಕ್ಷಿಸಿರಿ. ವಾಷರಿನ ಬೆಲೆ ಅಲ್ಪ, ಆಸ್ಪತ್ರೆಯ ಖರ್ಚು ಬಹಳ. ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ, ಗಾಳಿ ಬೀಸುವ ದಿಕ್ಕಿಗೆ ಬೆನ್ನು ಸಿಗದಂತೆ ಎದುರುಗಾಳಿಗೆ ಹೊಡೆಯುವುದನ್ನು ಬಿಟ್ಟು, ಗಾಳಿಯ ಜೊತೆಯಲ್ಲಿ ಔಷಧಿ ತಮ್ಮಿಂದ ದೂರ ಹೋಗುವಂತೆ ಸಿಂಪಡಿಸಬೇಕು. ಪಕ್ಕದಲ್ಲಿ ಹಿಪ್ಪುನೇರಳೆ ಇದ್ದರೆ ಇನ್ನೂ ಎಚ್ಚರ ಬೇಕು. ಔಷಧಿ ತಗುಲಿದ ಸೊಪ್ಪು ತಿಂದರೆ ರೇಷ್ಮೆ ಹುಳು ಸಾಯುತ್ತದೆ, ನೆರೆಯವರೊಡನೆ ವ್ಯಾಜ್ಯವೂ ಹುಟ್ಟುತ್ತದೆ. ಮನಸ್ಸಿಗೆ ಬಂದ ಔಷಧಿಗಳನ್ನು ಬೆರೆಸಬಾರದು. ಕಟ್ಟಿಕೊಂಡ ನಾಜಲನ್ನು ಬಾಯಿಂದ ಊದಬಾರದು. ನಡುವೆ ಬೀಡಿ, ಎಲೆ ಅಡಿಕೆ ಬೇಡ. ಬದುವಿನಲ್ಲಿ ಸೋಪು ಮತ್ತು ಒಂದು ಬಿಂದಿಗೆ ಶುದ್ಧ ನೀರು ಇರಲೇಬೇಕು.

ಹೊಡೆದ ತೋಟಕ್ಕೆ ಕೆಂಪು ಬಟ್ಟೆಯ ಗುರುತು ಕಟ್ಟಿರಿ. ಮರುದಿನ ಕಾಯಿ ಬಿಡಿಸಲು ಬರುವ ಹೆಣ್ಣಾಳುಗಳಿಗೆ ಯಾರೂ ಹೇಳದೇ ಹೋಗುವುದು ದೊಡ್ಡ ಲೋಪ. ಚೀಟಿಯಲ್ಲಿ ಬರೆದಿರುವಷ್ಟು ದಿನ ಕಳೆಯದೆ ಕೊಯ್ಲಿಗೆ ಇಳಿಸಬಾರದು.

ಕಳೆ ಯಂತ್ರ ಮತ್ತು ಕೊಂಬೆ ಸವರುವಿಕೆ

ನಮ್ಮ ಕಲ್ಲುಮಿಶ್ರಿತ ನೆಲದಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡಿಗೆ ಸಿಕ್ಕ ಕಲ್ಲು ಗುಂಡಿನಂತೆ ಹಾರುತ್ತದೆ. ಕನ್ನಡಕ, ಬೂಟು ಇಲ್ಲದೆ ಯಂತ್ರ ಹಿಡಿಯಬಾರದು. ಉಳಿದವರು 15 ಮೀಟರ್ ದೂರವಿರಬೇಕು. ಎಂಜಿನು ಬಿಸಿಯಾಗಿರುವಾಗ ಪೆಟ್ರೋಲು ಹಾಕಬಾರದು. ಮಾವಿನ ಕೊಂಬೆಗಳು ವಿದ್ಯುತ್ ತಂತಿಯ ಬಳಿ ಬೆಳೆದಿದ್ದರೆ ಬೆಸ್ಕಾಂ ಕಚೇರಿಗೆ ತಿಳಿಸಿ, ಲೈನು ನಿಲ್ಲಿಸಿದ ನಂತರವೇ ಸವರಬೇಕು. ಅಲ್ಯೂಮಿನಿಯಂ ದೋಟಿ, ಏಣಿಗಳನ್ನು ತಂತಿಯ ಹತ್ತಿರ ಒಯ್ಯಲೇಬಾರದು.

ವಿಷ ತಗುಲಿದ ಲಕ್ಷಣಗಳು

ತಲೆನೋವು, ತಲೆಸುತ್ತು, ವಾಕರಿಕೆ, ವಿಪರೀತ ಬೆವರು, ಜೊಲ್ಲು, ಕಣ್ಣು ಮಂಜಾಗುವುದು, ಮಾಂಸಖಂಡ ಅದುರುವುದು ಕಂಡರೆ ಕೆಲಸವನ್ನು ಆ ಕ್ಷಣವೇ ನಿಲ್ಲಿಸಬೇಕು. ರೋಗಿಯನ್ನು ಗಾಳಿಯಾಡುವ ಕಡೆಗೆ ತಂದು, ಬಟ್ಟೆ ಬಿಚ್ಚಿ, ಸೋಪು ನೀರಿನಿಂದ ಮೈ ತೊಳೆಯಿರಿ. ಸಹಾಯ ಮಾಡುವವರೂ ಕೈಗವಸು ಹಾಕಿಕೊಳ್ಳಲಿ. ಕಣ್ಣಿಗೆ ಬಿದ್ದಿದ್ದರೆ 15 ನಿಮಿಷ ನೀರು ಹರಿಸಿರಿ. ಬಲವಂತದಿಂದ ವಾಂತಿ ಮಾಡಿಸಬೇಡಿ, ಮಜ್ಜಿಗೆ ಕುಡಿಸಿ ಕಾಲಹರಣ ಮಾಡಬೇಡಿ. 108ಕ್ಕೆ ಕರೆ ಮಾಡಿ, ಔಷಧಿಯ ಡಬ್ಬಿ ಇಲ್ಲವೇ ಚೀಟಿಯನ್ನು ಜೊತೆಗೇ ಒಯ್ಯಿರಿ. ವೈದ್ಯರು ಯಾವ ಪ್ರತಿವಿಷ ಕೊಡಬೇಕೆಂಬುದು ಅದರ ಮೇಲೆ ನಿಂತಿದೆ.

ಜಗಳ ಬಂದಾಗ

ಮೇಲಿನ ಉದಾಹರಣೆಗೆ ಹಿಂದಿರುಗೋಣ. ಆಳು ‘ಹೊಡೆಯಲ್ಲ’ ಎಂದಾಗ ಯಜಮಾನನು ‘ಯಾಕೆ?’ ಎಂದು ಕೇಳಿ ಟ್ಯಾಂಕನ್ನು ತಾನೇ ಎತ್ತಿ ನೋಡಿದ್ದರೆ ಸಾಕಿತ್ತು. ವಾಷರು ಬದಲಾಯಿಸಿ, ತಲೆನೋವು ಇದ್ದವನನ್ನು ಕೋಲು ಕಟ್ಟುವ ಕೆಲಸಕ್ಕೆ ಹಾಕಿ, ಮೈ ಸರಿಯಿರುವ ಇನ್ನೊಬ್ಬರಿಗೆ ಕೈಗವಸು ಕೊಟ್ಟಿದ್ದರೆ ಅದೇ ದಿನ ಬೆಳೆಯೂ ಉಳಿಯುತ್ತಿತ್ತು. ಕೆಲಸಗಾರರೂ ಅಷ್ಟೆ, ಕೋಪದಲ್ಲಿ ಟ್ಯಾಂಕು ಇಟ್ಟು ಹೋಗುವ ಬದಲು ‘ಇದು ಸೋರುತ್ತಿದೆ, ಇದನ್ನು ಸರಿ ಮಾಡಿ’ ಎಂದು ಬಿಡಿಸಿ ಹೇಳಬೇಕು. ಕೊಟ್ಟ ಕೈಗವಸನ್ನು ಸೆಖೆಯೆಂದು ಬದುವಿನ ಮೇಲೆ ಬಿಡಬಾರದು. ಮೇಸ್ತ್ರಿಯು ಇಬ್ಬರ ನಡುವೆ ಮಾತು ಮುಚ್ಚಿಡಬಾರದು.

ವಿಸ್ತರಣಾ ಕಾರ್ಯಕರ್ತರು ಔಷಧಿಯ ಪ್ರಮಾಣವನ್ನು ಹೇಳುವ ಸಭೆಗೆ ಕೂಲಿಯವರನ್ನೂ ಕರೆಯಬೇಕು. ಈಗ ಬರುವವರು ಹೆಚ್ಚಾಗಿ ಯಜಮಾನರು, ಟ್ಯಾಂಕು ಹೊರುವವರು ಅಲ್ಲ. ಪ್ರತಿ ಹಳ್ಳಿಯಲ್ಲಿ ಹಂಗಾಮಿಗೆ ಮುಂಚೆ ಒಂದು ಸಂಜೆ ಇಬ್ಬರನ್ನೂ ಕೂರಿಸಿ, ಸೋರುವ ಟ್ಯಾಂಕುಗಳನ್ನು ಅಲ್ಲಿಯೇ ದುರಸ್ತಿ ಮಾಡಿಸಿದರೆ ಅದಕ್ಕಿಂತ ಉತ್ತಮ ಪ್ರಾತ್ಯಕ್ಷಿಕೆ ಬೇರೆ ಇಲ್ಲ.

ಈ ಸಲ ಸಿಂಪರಣೆಗೆ ಮೊದಲು ನಿಮ್ಮ ಟ್ಯಾಂಕಿಗೆ ಬರಿಯ ನೀರು ತುಂಬಿ, ಐದು ನಿಮಿಷ ನೀವೇ ಹೊತ್ತು ನೋಡಿರಿ. ನಿಮ್ಮ ಬೆನ್ನು ಒದ್ದೆಯಾದರೆ, ಆಳಿನ ಮಾತು ನಿಜವೆಂದು ತಿಳಿಯಿರಿ.