ಆರನೆಯ ವರ್ಷ, ಆರನೆಯ ಹಲ್ಲು

ಹಳ್ಳಿಯ ಮಗುವು ಒಂದನೆಯ ತರಗತಿಗೆ ಸೇರುವ ವೇಳೆಗೆ, ಅಂದರೆ ಸುಮಾರು ಆರನೆಯ ವಯಸ್ಸಿನಲ್ಲಿ, ಅದರ ಬಾಯಿಯಲ್ಲಿ ಒಂದು ಮಹತ್ತ್ವದ ಬದಲಾವಣೆ ಸದ್ದಿಲ್ಲದೆ ನಡೆಯುತ್ತದೆ. ಹಾಲುಹಲ್ಲುಗಳ ಸಾಲಿನ ಹಿಂದೆ, ಮೇಲೆ ಎರಡು ಕೆಳಗೆ ಎರಡು, ಹೀಗೆ ನಾಲ್ಕು ದೊಡ್ಡ ದವಡೆ ಹಲ್ಲುಗಳು ಮೂಡುತ್ತವೆ. ಯಾವ ಹಾಲುಹಲ್ಲೂ ಉದುರದೆಯೇ ಇವು ಬರುವುದರಿಂದ ತಾಯಿತಂದೆಯರು ಇವನ್ನೂ ಹಾಲುಹಲ್ಲುಗಳೆಂದೇ ಭಾವಿಸುವುದುಂಟು. ಹುಳುಕು ಕಂಡರೂ ‘ಬಿದ್ದು ಹೊಸದು ಬರುತ್ತದೆ’ ಎಂದು ಸುಮ್ಮನಾಗುತ್ತಾರೆ. ವಾಸ್ತವವಾಗಿ ಇವು ಶಾಶ್ವತ ಹಲ್ಲುಗಳು. ಹೋದರೆ ಮರಳಿ ಬಾರವು.

ಇವನ್ನು ಗುರುತಿಸುವುದು ಶಾಲೆಯ ಶಿಕ್ಷಕರಿಗೆ ಕಷ್ಟವೇನಲ್ಲ. ಹಾಲುಹಲ್ಲುಗಳು ಒಟ್ಟು 20. ಪ್ರತಿ ದವಡೆಯ ಪ್ರತಿ ಪಾರ್ಶ್ವದಲ್ಲಿ ಐದು. ಮಗುವನ್ನು ಬೆಳಕಿಗೆ ಮುಖಮಾಡಿ ನಿಲ್ಲಿಸಿ, ಮುಂಭಾಗದ ನಡುವಿನಿಂದ ಹಿಂದಕ್ಕೆ ಎಣಿಸಿದರೆ ಆರನೆಯದೇ ಈ ಹಲ್ಲು. ಮುಂದಿನ ಹಲ್ಲು ಬಿದ್ದಿದ್ದರೆ ಆ ತೆರಪನ್ನೂ ಒಂದೆಂದು ಎಣಿಸಬೇಕು.

ಈ ಹಲ್ಲಿನ ಮೇಲ್ಮೈಯಲ್ಲಿ ಆಳವಾದ ಗೀರುಗಳಿರುತ್ತವೆ. ಅದು ಪೂರ್ಣವಾಗಿ ಮೇಲೇರುವವರೆಗೆ ಮಗುವಿನ ಬ್ರಷ್ಷಾಗಲಿ ಬೇವಿನ ಕಡ್ಡಿಯಾಗಲಿ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಗೀರುಗಳಲ್ಲಿ ಉಳಿದ ಸಿಹಿಯನ್ನು ಬಾಯಿಯ ಸೂಕ್ಷ್ಮಾಣುಗಳು ಆಮ್ಲವಾಗಿ ಪರಿವರ್ತಿಸುತ್ತವೆ. ಆ ಆಮ್ಲವೇ ಹಲ್ಲಿನ ಹೊರಕವಚವನ್ನು ಕರಗಿಸುತ್ತದೆ. ಹಲ್ಲಿನೊಳಗೆ ಹುಳವಿದೆಯೆಂಬ ನಂಬಿಕೆಗೆ ಆಧಾರವಿಲ್ಲ. ಸಿಹಿಯನ್ನು ಎಷ್ಟು ತಿಂದರು ಎಂಬುದಕ್ಕಿಂತ ಎಷ್ಟು ಬಾರಿ ತಿಂದರು ಎಂಬುದೇ ಇಲ್ಲಿ ಮುಖ್ಯ. ಊಟದೊಡನೆ ತಿಂದ ಬೆಲ್ಲದ ತುಣುಕಿಗಿಂತ ದಿನವಿಡೀ ಚೀಪುವ ಅಂಗಡಿಯ ಮಿಠಾಯಿ ಹೆಚ್ಚು ಅಪಾಯಕರ. 2002–03ರ ರಾಷ್ಟ್ರೀಯ ಬಾಯಿಯ ಆರೋಗ್ಯ ಸಮೀಕ್ಷೆಯಲ್ಲಿ 12 ವರ್ಷದ ಮಕ್ಕಳ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ದಂತಕ್ಷಯ ಕಂಡುಬಂದಿತ್ತು.

ದಂತವೈದ್ಯರು ಬಹುಪಾಲು ನಗರಗಳಲ್ಲಿಯೇ ನೆಲೆಸಿರುವುದರಿಂದ ಹಳ್ಳಿಯವರು ನೋವು ಸಹಿಸಲಾರದಾದಾಗ ಮಾತ್ರ ಅವರ ಬಳಿಗೆ ಹೋಗುತ್ತಾರೆ. ಅಷ್ಟು ಹೊತ್ತಿಗೆ ಹಲವೊಮ್ಮೆ ಹಲ್ಲನ್ನು ಕೀಳುವುದೊಂದೇ ಮಾರ್ಗವಾಗಿರುತ್ತದೆ. ಆದರೆ ಹುಳುಕು ಆಳಕ್ಕಿಳಿಯುವ ಮುನ್ನ ಚಿಕಿತ್ಸೆಗೆ ದೊಡ್ಡ ಯಂತ್ರಗಳಾಗಲಿ ವಿದ್ಯುತ್ತಾಗಲಿ ಬೇಕಾಗಿಲ್ಲವೆಂಬುದು ಅನೇಕರಿಗೆ ತಿಳಿಯದು. 1980ರ ದಶಕದಲ್ಲಿ ಆಫ್ರಿಕಾದ ಟಾಂಜಾನಿಯಾದಲ್ಲಿ ರೂಪುಗೊಂಡು, 1994ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಪ್ರೋತ್ಸಾಹ ಪಡೆದ ವಿಧಾನವೊಂದರಲ್ಲಿ, ಮಗುವನ್ನು ಶಾಲೆಯ ಮೇಜಿನ ಮೇಲೆಯೇ ಮಲಗಿಸಿ, ತರಬೇತಿ ಪಡೆದವರು ಮೆತ್ತಗಾದ ಭಾಗವನ್ನು ಕೈಸಾಧನಗಳಿಂದ ಕೆರೆದು ತೆಗೆದು, ಗ್ಲಾಸ್ ಅಯಾನೊಮರ್ ಎಂಬ ಸಿಮೆಂಟನ್ನು ಬೆರಳಿನಿಂದ ಒತ್ತಿ ತುಂಬುತ್ತಾರೆ. ಕೊರೆಯುವ ಯಂತ್ರದ ಸದ್ದಿಲ್ಲ. ಸಾಮಾನ್ಯವಾಗಿ ಚುಚ್ಚುಮದ್ದೂ ಬೇಕಾಗುವುದಿಲ್ಲ. ಇನ್ನೂ ಕೆಡದ ಹಲ್ಲಿನ ಗೀರುಗಳನ್ನೂ ಇದೇ ಸಿಮೆಂಟಿನಿಂದ ಮುಚ್ಚಬಹುದು. ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ದ್ರವವನ್ನು ಹುಳುಕಿಗೆ ಲೇಪಿಸಿ ಅದು ಹರಡುವುದನ್ನು ತಡೆಯುವುದು ಮತ್ತೊಂದು ವಿಧಾನ. ಲೇಪಿಸಿದಲ್ಲಿ ಹುಳುಕು ಕಪ್ಪಾಗುತ್ತದೆ. ಇದನ್ನು ತಾಯಿತಂದೆಯರಿಗೆ ಮುಂಚಿತವಾಗಿಯೇ ತಿಳಿಸದಿದ್ದರೆ ಅವರು ಗಾಬರಿಯಾಗುವುದು ಸಹಜ. ಈ ಎರಡೂ ಪದಾರ್ಥಗಳು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಾವಶ್ಯಕ ಔಷಧಿಗಳ ಪಟ್ಟಿಗೆ ಸೇರಿದವು.

ಮನೆಯಲ್ಲಿ ಇದ್ದಿಲು, ಇಟ್ಟಿಗೆಪುಡಿಗಳಿಂದ ಹಲ್ಲುಜ್ಜಿಸಬಾರದು. ಅವು ಹಲ್ಲನ್ನು ಸವೆಸುತ್ತವೆ. ಹಲ್ಲುಪುಡಿಯಲ್ಲಿ ಹೊಗೆಸೊಪ್ಪನ್ನು ಬೆರೆಸುವುದು 1992ರಲ್ಲಿಯೇ ನಿಷೇಧಿಸಲ್ಪಟ್ಟಿದ್ದರೂ, ಮಹಾರಾಷ್ಟ್ರದ ಹಳ್ಳಿಗಳಲ್ಲಿ ಹೊಗೆಸೊಪ್ಪನ್ನು ಹುರಿದು ಮಾಡುವ ಮಿಶ್ರಿಯ ರೂಢಿ ಅಳಿದಿಲ್ಲ. ಆರರ ಮಗುವಿಗೆ ಬಟಾಣಿ ಕಾಳಿನಷ್ಟು ಫ್ಲೋರೈಡ್‌ಯುಕ್ತ ಪೇಸ್ಟ್ ಸಾಕು. ರಾತ್ರಿ ಮಲಗುವ ಮುನ್ನ ಹಿರಿಯರೇ ಉಜ್ಜಿಸಿ, ನುಂಗದೆ ಉಗುಳುವುದನ್ನು ಕಲಿಸಬೇಕು. ತೆಲಂಗಾಣದ ನಲ್ಗೊಂಡದಂತೆ ನೀರಿನಲ್ಲಿಯೇ ಫ್ಲೋರೈಡ್ ಅಧಿಕವಾಗಿರುವ ಕಡೆ ಮಾತ್ರ ವೈದ್ಯರನ್ನು ಕೇಳಿ ಬಳಸುವುದು ಒಳ್ಳೆಯದು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸಂಚಾರಿ ಆರೋಗ್ಯ ತಂಡವು ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ, ಅಂಗನವಾಡಿಗಳಿಗೆ ಎರಡು ಬಾರಿ ಭೇಟಿ ನೀಡಬೇಕೆಂಬ ವ್ಯವಸ್ಥೆಯಿದೆ. ದಂತಕ್ಷಯವೂ ಅದರ ತಪಾಸಣೆಯ ಪಟ್ಟಿಯಲ್ಲಿದೆ. ಕೊರತೆ ಉಂಟಾಗುವುದು ತಪಾಸಣೆಯ ನಂತರ. ತಂಡವು ಬರೆದುಕೊಟ್ಟ ಚೀಟಿ ಪುಸ್ತಕದ ಚೀಲದಲ್ಲಿಯೇ ಉಳಿದುಬಿಡಬಹುದು. ಆಸ್ಪತ್ರೆಗೆ ಹೋದರೆ ತಾಯಿಯ ಒಂದು ದಿನದ ಕೂಲಿ ತಪ್ಪುತ್ತದೆ. ಚೀಟಿ ಪಡೆದ ಐದಾರು ಮಕ್ಕಳನ್ನು, ಅವರವರ ಪೋಷಕರ ಒಪ್ಪಿಗೆಯೊಡನೆ, ಸಂತೆಯ ದಿನ ಒಬ್ಬಿಬ್ಬರು ಹಿರಿಯರೊಂದಿಗೆ ಕಳುಹಿಸುವ ಏರ್ಪಾಟನ್ನು ಶಾಲೆಯೇ ಮಾಡಬಹುದು. ಹೊಸದಾಗಿ ಹಲ್ಲು ತುಂಬಿಸಿಕೊಂಡ ಮಗು ಒಂದು ಗಂಟೆಯ ಕಾಲ ಏನನ್ನೂ ಅಗಿಯದಂತೆ ಜೊತೆಗೆ ಹೋದವರು ನೋಡಿಕೊಳ್ಳಬೇಕು.